ಮೊದಲು ಮಷೀನು, ಆಮೇಲೆ ಡಯಲ್ಲು

— ಮಾವ, ಈ ಸಲ ಬೋನಸ್ ಬಂದಾಗ ಒಂದು ವಾಚು ತಗೋಬೇಕು ಅಂತಿದೀನಿ. ಸೆಲ್ ವಾಚಲ್ಲ, ಆಟೊಮ್ಯಾಟಿಕ್. ನೋಡೋಕೆ ಹಳೇ ಕಾಲದ ಹಾಗಿರಬೇಕು, 15,000 ರೂಪಾಯಿ ದಾಟಬಾರದು. ಯಾವುದು ತಗೊಳ್ಳಲಿ?

— ಯಾವುದು ಅನ್ನೋದು ಆಮೇಲೆ. ಎಲ್ಲಿ ಕಟ್ಕೊಂಡು ಓಡಾಡ್ತೀಯ, ಅದನ್ನ ಹೇಳು ಮೊದಲು.

— ಇನ್ನೆಲ್ಲಿ, ಮಾಚೇನಹಳ್ಳೀಲೆ. ಬೆಳಿಗ್ಗೆ ಭದ್ರಾವತಿ ಬಸ್ಸು, ಹಗಲೆಲ್ಲ ಫೌಂಡ್ರಿ, ಸಂಜೆ ಮತ್ತೆ ಬಸ್ಸು.

— ಫೌಂಡ್ರೀಲಿ ನಿನ್ನ ಕೆಲಸ ಎಂಥದ್ದು? ನಿಮ್ಮಮ್ಮ ಹೇಳಿದ್ಲು, ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ.

— ಕ್ವಾಲಿಟಿ ಸೆಕ್ಷನ್. ಎರಕ ಹೊಯ್ದ ಪಾರ್ಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯಾ ಅಂತ ಹುಡುಕೋದು. ಪಾರ್ಟಿಗೆ ಮ್ಯಾಗ್ನೆಟ್ ಹಿಡಿಸಿ ಅದರ ಮೇಲೆ ಕಬ್ಬಿಣದ ನಯವಾದ ಪುಡಿ ಬೆರೆಸಿದ ದ್ರವ ಹಾಕ್ತೀವಿ. ಬಿರುಕಿದ್ದ ಕಡೆ ಪುಡಿ ಗೆರೆ ಕಟ್ಟಿ ನಿಲ್ಲುತ್ತೆ. ಕತ್ತಲು ಕೋಣೇಲಿ ಯು.ವಿ. ದೀಪ ಹಾಕಿದ್ರೆ ಆ ಗೆರೆ ಹಸಿರಾಗಿ ಹೊಳೆಯುತ್ತೆ.

— ಹಾಗಾದ್ರೆ ನಿನ್ನ ವಾಚಿಗೆ ಮೊದಲ ಶತ್ರು ನಮ್ಮೂರ ಮಳೆಯಲ್ಲ, ನಿನ್ನ ಟೇಬಲ್ಲು. ವಾಚಿನೊಳಗೆ ಬ್ಯಾಲೆನ್ಸ್ ಅಂತ ಒಂದು ಚಕ್ರ ಇರುತ್ತೆ. ಅದು ಪೂರ್ತಿ ಸುತ್ತಲ್ಲ, ಜೋಕಾಲಿ ಹಾಗೆ ಆ ಕಡೆ ಹೋಗಿ ಈ ಕಡೆ ಬರುತ್ತೆ. ಹೋದದ್ದನ್ನ ಹಿಂದಕ್ಕೆ ಎಳೆಯೋದು ಕೂದಲಿಗಿಂತ ತೆಳ್ಳಗಿರೋ ಹೇರ್‌ಸ್ಪ್ರಿಂಗು. ಸುರುಳಿ ಸುತ್ತಿರುತ್ತೆ, ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಅಂತರ ಇರುತ್ತೆ. ಅದಕ್ಕೆ ಮ್ಯಾಗ್ನೆಟ್ ಹಿಡೀತು ಅಂದ್ರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ತವೆ. ಅಂಟಿದ ಮೇಲೆ ಸ್ಪ್ರಿಂಗಿನ ಕೆಲಸ ಮಾಡೋ ಉದ್ದ ಕಮ್ಮಿ ಆಗುತ್ತೆ, ಬ್ಯಾಲೆನ್ಸು ಬೇಗ ಬೇಗ ಹೊಡ್ಕೊಳ್ಳುತ್ತೆ. ಮೊನ್ನೆವರೆಗೆ ಸರಿಯಿದ್ದ ವಾಚು ಇದ್ದಕ್ಕಿದ್ದ ಹಾಗೆ ದಿನಕ್ಕೆ ಹತ್ತಿಪ್ಪತ್ತು ನಿಮಿಷ ಮುಂದೆ ಓಡೋಕೆ ಶುರುಮಾಡಿದ್ರೆ ಮೊದಲು ಇದನ್ನೇ ನೋಡಬೇಕು.

— ಪಾರ್ಟುಗಳನ್ನೂ ನಾವು ಹಾಗೇ ಕಳಿಸಲ್ಲ ಮಾವ. ಟೆಸ್ಟ್ ಮುಗಿದ ಮೇಲೆ ಎ.ಸಿ. ಕಾಯಿಲ್ ಒಳಗಿಂದ ನಿಧಾನಕ್ಕೆ ಆಚೆ ತಂದು ಮ್ಯಾಗ್ನೆಟ್ ಇಳಿಸ್ತೀವಿ. ಇಲ್ಲದಿದ್ರೆ ಮುಂದೆ ಮಷೀನಿಂಗ್ ಮಾಡುವಾಗ ಲೋಹದ ಚೂರೆಲ್ಲ ಅಂಟಿಕೊಳ್ಳುತ್ತೆ.

— ವಾಚ್ ರಿಪೇರಿಯವರು ಮಾಡೋದೂ ಅದನ್ನೇ. ಅಂಗೈಯಗಲದ ಒಂದು ಪೆಟ್ಟಿಗೆ, ಮೇಲೆ ಒಂದು ಬಟನ್ನು. ಒತ್ತಿ ಹಿಡಿದು, ವಾಚನ್ನ ಅದರ ಮೇಲಿಂದ ನಿಧಾನಕ್ಕೆ ದೂರ ತಗೊಂಡು ಹೋಗಿ, ಮೊಳದಷ್ಟು ದೂರ ಆದ ಮೇಲೆ ಬಟನ್ನು ಬಿಡೋದು. ಹತ್ತಿರ ಇದ್ದಾಗಲೇ ಬಿಟ್ರೆ ಇನ್ನೂ ಜಾಸ್ತಿ ಹಿಡಿಯುತ್ತೆ. ಕಾಯಿಲ್ ಕೆಲಸ ಮಾಡೋಳಿಗೆ ನಾನು ಹೇಳಬೇಕಾ! ಹಿಡಿದಿದೆಯೋ ಇಲ್ಲವೋ ಅನ್ನೋಕೆ ದಿಕ್ಸೂಚಿ ಸಾಕು. ಫೋನಿನಲ್ಲಿರುತ್ತಲ್ಲ, ಅದೇ. ವಾಚನ್ನ ಹತ್ತಿರ ತಂದಾಗ ಮುಳ್ಳು ಜೋರಾಗಿ ಓಲಾಡಿದ್ರೆ ಅನುಮಾನ ಪಡು.

— ಹಾಗಾದ್ರೆ ಕೆಲಸಕ್ಕೆ ಕಟ್ಕೊಂಡು ಹೋಗ್ಲೇಬಾರದಾ?

— ಹೋಗು. ಕಟ್ಟದೆ ಪೆಟ್ಟಿಗೇಲಿ ಇಡೋಕೆ ವಾಚು ಯಾಕೆ ಬೇಕು? ಕಾಂತ ತಡೆಯೋ ವಾಚು ಅಂತ ಕರೆಸಿಕೊಳ್ಳೋಕೆ ಐ.ಎಸ್.ಒ. 764 ಅಂತ ಒಂದು ಮಟ್ಟ ಇದೆ, ಮೀಟರಿಗೆ 4,800 ಆಂಪಿಯರ್ ಕ್ಷೇತ್ರ ತಡ್ಕೋಬೇಕು. ಮನೆಯ ಸಾಮಾನುಗಳಿಗೆ ಅಷ್ಟು ಸಾಕು.

— ನಮ್ಮ ಟೆಸ್ಟಿನಲ್ಲಿ ಪಾರ್ಟಿನ ಮೇಲೆ ಹುಟ್ಟಿಸೋ ಕ್ಷೇತ್ರವೇ ಹೆಚ್ಚುಕಮ್ಮಿ ಅಷ್ಟಿರುತ್ತೆ.

— ನೋಡು ಮತ್ತೆ. ಕ್ಷೇತ್ರ ದೂರಕ್ಕೆ ಬೇಗ ಇಳಿಯುತ್ತೆ ಅನ್ನೋದು ನಿನಗೂ ಗೊತ್ತು. ಟೆಸ್ಟ್ ಮಾಡುವಾಗ ಬಿಚ್ಚಿ ಬ್ಯಾಗಲ್ಲಿಡು, ಬ್ಯಾಗು ಟೇಬಲ್ಲಿನಿಂದ ಎರಡು ಹೆಜ್ಜೆ ಆಚೆ ಇರಲಿ. ಆ ಬ್ಯಾಗಿನ ಬಾಯಿಗೆ ಮ್ಯಾಗ್ನೆಟ್ ಗುಂಡಿ ಇದ್ರೆ ಅದರ ಪಕ್ಕ ಇಡಬೇಡ. ಕರಗಿಸೋ ಇಂಡಕ್ಷನ್ ಕುಲುಮೆ, ಗುಜರಿ ಎತ್ತೋ ಮ್ಯಾಗ್ನೆಟ್ ಕ್ರೇನು, ಇವುಗಳ ಹತ್ತಿರ ಕಟ್ಕೊಂಡು ನಿಲ್ಲಬೇಡ. ಗ್ರೈಂಡಿಂಗ್ ಮಾಡೋ ಕಡೆ ಕೈಗೆ ಬರೋ ನಡುಕವೂ ಒಳ್ಳೇದಲ್ಲ.

— ಸರಿ. ಈಗ ಯಾವುದು ಅಂತ ಹೇಳಿ.

— ನನ್ನ ಕೇಳಿದ್ರೆ ಎಚ್.ಎಂ.ಟಿ.

— ಗೊತ್ತಿತ್ತು ನೀವು ಹಾಗೇ ಹೇಳ್ತೀರಿ ಅಂತ.

— ಸುಮ್ಮನೆ ಅಭಿಮಾನಕ್ಕೆ ಹೇಳ್ತಾ ಇಲ್ಲ ಕಣೆ. ನಾನು ಲೇತ್ ಮುಂದೆ ಜೀವನ ಕಳೆದವನು. ಎಚ್.ಎಂ.ಟಿ. 1953ರಲ್ಲಿ ಹುಟ್ಟಿದ್ದೇ ಲೇತು, ಮಿಲ್ಲಿಂಗ್ ಮಷೀನು ಮಾಡೋಕೆ. ಭದ್ರಾವತೀಲಿ ನಾವು ಕಬ್ಬಿಣ ಕರಗಿಸ್ತಾ ಇದ್ವಿ, ಆ ಕಬ್ಬಿಣ ಕತ್ತರಿಸೋ ಯಂತ್ರ ಅವರು ಮಾಡ್ತಿದ್ರು. ಅಂಥ ಕಂಪನಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಫ್ಯಾಕ್ಟರಿ ಹಾಕ್ತು. ಆಮೇಲೆ ಶ್ರೀನಗರ, ನಮ್ಮ ತುಮಕೂರು, ರಾಣಿಬಾಗ್. ಜನತಾ, ಪೈಲಟ್, ಸೋನಾ, ಕೋಹಿನೂರ್, ಇವೆಲ್ಲ ಕೀ ಕೊಡೋ ವಾಚು. ಪೈಲಟ್ ಡಯಲ್ಲು ಕಪ್ಪು, ಜನತಾದ್ದು ಹೆಚ್ಚಾಗಿ ಬಿಳಿ, ಆದ್ರೆ ಒಳಗಿರೋ ಮಷೀನು ಒಂದೇ, 0231 ಅಂತ. 17 ಜ್ಯುವೆಲ್ಲು. ಜ್ಯುವೆಲ್ ಅಂದ್ರೆ ಒಡವೆಗೆ ಹಾಕೋ ಕಲ್ಲಲ್ಲ, ಕೃತಕವಾಗಿ ಬೆಳೆಸಿದ ಮಾಣಿಕ್ಯದ ಬೇರಿಂಗು. ಉಕ್ಕಿನ ಕಡ್ಡಿ ಅದರ ತೂತಿನಲ್ಲಿ ತಿರುಗಿದ್ರೆ ಸವೆತ ಕಮ್ಮಿ. ಹಳೇ ಎಚ್.ಎಂ.ಟಿ. ಡಯಲ್ಲಿನ ಮೇಲೆ ಪ್ಯಾರಾಶಾಕ್ ಅಂತ ಸಣ್ಣಕ್ಷರದಲ್ಲಿ ಬರೆದಿರೋದನ್ನ ನೋಡಿದೀಯಲ್ಲ, ಅದು ಸಿಟಿಜನ್ನವರದ್ದು. ಕೈಯಿಂದ ಜಾರಿ ಬಿದ್ರೆ ಬ್ಯಾಲೆನ್ಸಿನ ಕಡ್ಡಿ ಮುರಿಯದ ಹಾಗೆ ಜ್ಯುವೆಲ್ಲನ್ನೇ ಸ್ಪ್ರಿಂಗಿನ ಮೇಲೆ ಕೂರಿಸೋ ಏರ್ಪಾಡು.

— ನಾನು ಕೇಳಿದ್ದು ಆಟೊಮ್ಯಾಟಿಕ್.

— ಅದೂ ಇತ್ತು. ರಜತ್, ಕಾಂಚನ. ಕಾಂಚನ ಅಂದ್ರೆ ಆಗ ದೊಡ್ಡ ಮಾತು. ಚಿನ್ನದ ಬಣ್ಣದ ಕೇಸು, 21 ಜ್ಯುವೆಲ್ಲು, ತಾರೀಖು, ವಾರ ಎರಡೂ ತೋರಿಸೋದು. ಬೇಕು ಅಂದವರಿಗೆಲ್ಲ ಸಿಗ್ತಿರಲಿಲ್ಲ. ವರೋಪಚಾರಕ್ಕೆ ಕಾಂಚನ ಕೊಡಲೇಬೇಕು ಅಂತ ಪಟ್ಟು ಹಿಡಿದವರನ್ನ ನಾನೇ ನೋಡಿದೀನಿ. ಹೆಣ್ಣಿನ ಅಪ್ಪ ಯಾರ್ಯಾರ ಕೈಕಾಲು ಹಿಡಿದು, ಹೆಚ್ಚಿಗೆ ದುಡ್ಡು ತೆತ್ತು ತರಬೇಕಾಗ್ತಿತ್ತು. ವಾಚಿನ ತಪ್ಪಲ್ಲ ಅದು. ಆದ್ರೂ ಆ ಕಾಲದ ಮದುವೆ ಫೋಟೋಗಳಲ್ಲಿ ಮದುಮಗ ಶರಟಿನ ತೋಳು ಮೇಲೆ ಸರಿಸಿ ವಾಚು ಕಾಣೋ ಹಾಗೆ ನಿಂತಿರೋದನ್ನ ನೋಡಿದ್ರೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

— ಆ ಫೋಟೋದಲ್ಲಿ ಹುಡುಗಿ ಕೈಯಲ್ಲಿ ವಾಚಿರಲ್ಲ. ಇದ್ರೂ ಬಟಾಣಿ ಗಾತ್ರದ ಡಯಲ್ಲು, ಟೈಮೇ ಕಾಣಲ್ಲ. ಅದಕ್ಕೇ ಮಾವ, ನಂಗೆ ಗಂಡಸರ ವಾಚು, ಹೆಂಗಸರ ವಾಚು ಅನ್ನೋ ಕಪಾಟು ಬೇಡ. ದುಡಿದ ದುಡ್ಡಲ್ಲಿ ನಂಗಿಷ್ಟ ಆದದ್ದು ತಗೋತೀನಿ.

— ತಗೋ. ಮಣಿಕಟ್ಟು ಮಾತ್ರ ಅಳೆದು ತಗೋ. ಜನತಾ 35 ಮಿಲಿಮೀಟರ್ ಹತ್ತಿರ ಹತ್ತಿರ, ನಿನ್ನ ಕೈಗೆ ಸರಿಹೋಗುತ್ತೆ. ಈಗ ಬರೋವು 40, 42 ಇರ್ತವೆ. ಅಡ್ಡ ಅಳತೆ ಒಂದೇ ನೋಡಬೇಡ. ಬೆಲ್ಟು ಸಿಗಿಸೋ ಕೊಂಬು ಇರುತ್ತಲ್ಲ, ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿವರೆಗೆ ಅಳೆ. ಅದು ಮಣಿಕಟ್ಟಿನ ಆಚೆ ಚಾಚಿದ್ರೆ ಎಷ್ಟು ಚಂದದ ವಾಚಾದ್ರೂ ಬಸ್ಸಿನ ಕಂಬಿಗೆ ಬಡೀತಾನೇ ಇರುತ್ತೆ.

— ಹಳೇ ಎಚ್.ಎಂ.ಟಿ. ನಾನೂ ನೋಡಿದೆ. ಬಣ್ಣ ಬಣ್ಣದ್ದು, ಹೊಸದರ ಹಾಗೆ ಹೊಳೀತಾ ಬೇಕಾದಷ್ಟು ಸಿಗ್ತವೆ, ಸೋವಿ ಕೂಡ.

— ಅಲ್ಲೇ ಎಚ್ಚರ ಇರಬೇಕು. ಸರ್ಕಾರ 2016ರ ಜನವರೀಲಿ ವಾಚ್ ಕಂಪನಿ ಮುಚ್ಚೋಕೆ ಒಪ್ಪಿಗೆ ಕೊಡ್ತು, ತುಮಕೂರು ಫ್ಯಾಕ್ಟರಿ ಜಾಗ ಇಸ್ರೋಗೆ ಹೋಯ್ತು. ಮುಚ್ಚಿದ ಮೇಲೆ ಎಲ್ಲರಿಗೂ ಎಚ್.ಎಂ.ಟಿ. ನೆನಪಾಯ್ತು. ಬೇಡಿಕೆ ಎದ್ದಲ್ಲಿ ನಕಲಿ ಬರ್ತದೆ. ಸತ್ತ ವಾಚುಗಳ ಮಷೀನು ತೆಗೆದು, ಡಯಲ್ಲಿಗೆ ಹೊಸದಾಗಿ ಬಣ್ಣ ಹೊಡೆದು, ಎಲ್ಲೆಲ್ಲಿಂದಲೋ ಮುಳ್ಳು ತಂದು ಜೋಡಿಸಿ ಅಪರೂಪದ್ದು ಅಂತ ಮಾರ್ತಾರೆ. ಕಂಪನಿ ಕನಸಲ್ಲೂ ಮಾಡದ ಬಣ್ಣಗಳು ಅವು. ಒಂದು ಲೆನ್ಸ್ ತಗೊಂಡು ನೋಡು. ಅಸಲಿ ಡಯಲ್ಲಿನಲ್ಲಿ ಅಕ್ಷರದ ಅಂಚು ಕತ್ತರಿಸಿದ ಹಾಗೆ ಚೂಪಾಗಿರುತ್ತೆ, ನಿಮಿಷದ ಗೆರೆಗಳು ಸಮನಾಗಿರ್ತವೆ, ಸೆಕೆಂಡಿನ ಮುಳ್ಳು ಸರಿಯಾಗಿ ಗೆರೆ ಮುಟ್ಟುತ್ತೆ. ಬಣ್ಣ ಬಳಿದದ್ದರಲ್ಲಿ ಅಕ್ಷರ ಊದಿಕೊಂಡಿರುತ್ತೆ, ಮುಳ್ಳು ಗಿಡ್ಡ ಇರುತ್ತೆ ಇಲ್ಲ ಉದ್ದ ಇರುತ್ತೆ. ಆಮೇಲೆ ಹಿಂದಿನ ಮುಚ್ಚಳ ತೆಗೆಸಿ ನೋಡು. ಎಚ್.ಎಂ.ಟಿ. ಮುದ್ರೆ ಇದೆಯಾ, ತುಕ್ಕಿನ ಕಲೆ ಇದೆಯಾ, ಸ್ಕ್ರೂಗಳ ತಲೆ ಕಿತ್ತು ಹೋಗಿದೆಯಾ. ಸ್ಕ್ರೂ ತಲೆ ನೋಡಿದ್ರೆ ಹಿಂದೆ ಎಂಥವರ ಕೈ ಬಿದ್ದಿತ್ತು ಅಂತ ಗೊತ್ತಾಗುತ್ತೆ. ಸ್ವಲ್ಪ ಹಳದಿ ತಿರುಗಿದ ಅಸಲಿ ಡಯಲ್ಲು ಹೊಳೆಯೋ ಸುಳ್ಳು ಡಯಲ್ಲಿಗಿಂತ ಎಷ್ಟೋ ಮೇಲು.

— ಇಷ್ಟೆಲ್ಲ ನೋಡೋಕೆ ನಿಮ್ಮ ಕಣ್ಣು ಬೇಕು. ಇನ್ನೊಂದು ಮಾತು ಹೇಳ್ತೀನಿ ಮಾವ, ಬೇಜಾರು ಮಾಡ್ಕೋಬೇಡಿ. ಜೂನಿಂದ ಸೆಪ್ಟೆಂಬರ್‌ವರೆಗೆ ನಾನು ಹೈವೇ ಪಕ್ಕ ಬಸ್ಸಿಗೆ ನಿಂತು ನೆನೀತೀನಿ. ಒಳಗೆ ಕುಲುಮೆ ಕಾವು, ಹೊರಗೆ ಮಳೆ. ಹಳೇ ವಾಚಿನ ವಾಷರ್ರು ಎಷ್ಟು ವರ್ಷದ್ದೋ. ಒಂದೇ ಮಳೆಗಾಲಕ್ಕೆ ಡಯಲ್ಲಿಗೆ ಬೂಷ್ಟು ಬರುತ್ತೆ. ಹಳೇದನ್ನ ಪ್ರೀತಿ ಮಾಡೋರು ಅದನ್ನ ಇಂಥ ಕೆಲಸಕ್ಕೆ ಹಚ್ಚಬಾರದು ಅಂತ ನಂಗನಿಸುತ್ತೆ.

— ಹ್ಞೂಂ. ಅದು ನ್ಯಾಯವಾದ ಮಾತು.

— ಅದಕ್ಕೇ ಹೊಸದು, ಹಳೇ ನಮೂನೇದು. ಉಬ್ಬಿದ ಗ್ಲಾಸು, ತಿಳಿ ಕೆನೆ ಬಣ್ಣದ ಡಯಲ್ಲು, ತೆಳ್ಳನೆ ಮುಳ್ಳು.

— ಹಾಗಾದ್ರೆ ಡಯಲ್ಲು ನೋಡೋ ಮೊದಲು ಮಷೀನು ಯಾವುದು ಅಂತ ಕೇಳು. ನಿನ್ನ ದುಡ್ಡಿಗೆ ಹೆಚ್ಚಾಗಿ ಸಿಗೋದು ಎರಡು ಮನೆತನ. ಒಂದು ಸೈಕೋ, ಎನ್‌ಎಚ್35 ಅಂತ. ಇನ್ನೊಂದು ಮಿಯೋಟಾ, 8200 ಸಾಲಿಂದು. ಮಿಯೋಟಾ ಯಾರದ್ದು ಗೊತ್ತಾ? ಸಿಟಿಜನ್ನವರದ್ದೇ. ಈಗಲೂ ಎಚ್.ಎಂ.ಟಿ. ಹೆಸರಲ್ಲಿ ಆಟೊಮ್ಯಾಟಿಕ್ ವಾಚು ಬರ್ತವೆ, ಹಲವದರಲ್ಲಿ ಇರೋದು ಮಿಯೋಟಾನೇ. 1961ರಲ್ಲಿ ಬೆಂಗಳೂರಿಗೆ ವಾಚು ಕಲಿಸಿದ ಮನೆಯಿಂದಲೇ ಇವತ್ತೂ ಮಷೀನು ಬರ್ತಿದೆ ಅಂತಾಯ್ತು. ಆಗ ನಾವೇ ಮಾಡ್ತಿದ್ವಿ, ಈಗ ತರಿಸ್ತೀವಿ. ಅದು ನಂಗೆ ಸಂಕಟವೇ. ಓರಿಯೆಂಟ್ ಅಂತ ಇನ್ನೊಂದಿದೆ, ಸೈಕೋ ಎಪ್ಸನ್ ಕಂಪನಿದು, ಸ್ವಂತ ಮಷೀನು. ಅದರ ಬ್ಯಾಂಬಿನೊ ನೀನು ಹೇಳಿದ ಉಬ್ಬಿದ ಗ್ಲಾಸಿನ ನಮೂನೆಯೇ. ಬೆಲೆ ನಿನ್ನ ಗಡಿ ದಾಟಬಹುದು, ವಿಚಾರಿಸು. ಅದು ನೀರಿಗೆ 30 ಮೀಟರಿಂದು ಅನ್ನೋದನ್ನೂ ನೆನಪಿಡು.

— 30 ಮೀಟರ್ ಅಂದ್ರೆ ಸಾಕಲ್ಲ, ನಾನೇನು ಭದ್ರಾ ಡ್ಯಾಮಿಗೆ ಮುಳುಗ್ತೀನಾ?

— ಆ ಲೆಕ್ಕ ಹಾಗಲ್ಲ. ಹೊಸ ವಾಚನ್ನ ಅಲ್ಲಾಡದ ಹಾಗಿಟ್ಟು ಅಷ್ಟು ಒತ್ತಡ ಕೊಟ್ಟು ನೋಡಿದ್ದು ಅದು. ಬಳಕೇಲಿ 30 ಅಂದ್ರೆ ಕೈ ತೊಳೆವಾಗ ನೀರು ಸಿಡಿದ್ರೆ ಪರವಾಗಿಲ್ಲ, ಅಷ್ಟೆ. 50 ಅಂದ್ರೆ ಮಳೇಲಿ ನೆನೆದ್ರೂ ಚಿಂತೆಯಿಲ್ಲ. 100 ಇದ್ರೆ ಈಜು. ಮಲೆನಾಡಿನ ಬಾಗಿಲಲ್ಲಿ ಇರೋರು 50ಕ್ಕಿಂತ ಕೆಳಗಿಳೀಬಾರದು ಅನ್ನೋದು ನನ್ನ ಅಭಿಪ್ರಾಯ. ಎಷ್ಟೇ ಮೀಟರಿದ್ರೂ ಬಿಸಿನೀರ ಸ್ನಾನಕ್ಕೆ ಬೇಡ, ವಾಷರ್ರು ಹಾಳಾಗುತ್ತೆ. ಕೀ ತಿರುಗಿಸೋ ಕ್ರೌನು ಪೂರ್ತಿ ಒಳಗಿದೆಯಾ ಅಂತ ಮನೆ ಬಿಡೋ ಮುಂಚೆ ಒಂದ್ಸಲ ಬೆರಳಿಟ್ಟು ನೋಡು. ಗ್ಲಾಸಿನ ಒಳಗೆ ಮಂಜು ಕಟ್ಟಿದ್ರೆ ಅಕ್ಕಿ ಡಬ್ಬಿಗೆ ಹಾಕಿ ಕೂರಬೇಡ. ಅವತ್ತೇ ತಗೊಂಡು ಹೋಗಿ ಬಿಚ್ಚಿಸು. ಉಕ್ಕಿನ ಕಡ್ಡಿಗೆ ತುಕ್ಕು ಹಿಡಿಯೋಕೆ ವಾರ ಬೇಕಿಲ್ಲ.

— ಬೆಲ್ಟು?

— ಚರ್ಮ ಬೇಡ, ಬೇಸಿಗೆಗೆ ಇಟ್ಕೋ. ಮಳೆಗಾಲಕ್ಕೆ ನೈಲಾನು, ಇಲ್ಲ ಸ್ಟೀಲು.

— ಟೈಮಿನ ವಿಷಯ ಹೇಳಿ. ಸೆಲ್ ವಾಚಿನಷ್ಟು ಕರಾರುವಾಕ್ಕಾಗಿ ಇರಲ್ಲ ಅಂತಾರೆ.

— ಇರಲ್ಲ. ಸೆಲ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಈ ಮಷೀನುಗಳ ಬ್ಯಾಲೆನ್ಸು ಸೆಕೆಂಡಿಗೆ ಹೊಡೆಯೋದು 6 ಸಲ, ಗಂಟೆಗೆ 21,600. ಕಂಪನಿಯವರೇ ದಿನಕ್ಕೆ 20 ಸೆಕೆಂಡು ಹಿಂದೆ, 40 ಸೆಕೆಂಡು ಮುಂದೆ ಅಂತ ಬರೆದು ಕೊಟ್ಟಿದ್ದಾರೆ. ಕೇಳೋಕೆ ಕಳಪೆ ಅನಿಸುತ್ತೆ. ಆದ್ರೆ ದಿನಕ್ಕೆ 86,400 ಸೆಕೆಂಡು. ಅದರಲ್ಲಿ 20 ತಪ್ಪಿದ್ರೆ ಹತ್ತು ಸಾವಿರಕ್ಕೆ ಎರಡೂ ಚಿಲ್ಲರೆ. ನಿಮ್ಮ ಫೌಂಡ್ರೀಲಿ ಮೀಟರ್ ಉದ್ದದ ಪಾರ್ಟಿನಲ್ಲಿ ಕಾಲು ಮಿಲಿಮೀಟರಿನಷ್ಟು ತಪ್ಪಿಗೆ ಯಾರಾದ್ರೂ ಬೈತಾರಾ?

— ಎರಕಕ್ಕೆ ಅಷ್ಟು ಬಂದ್ರೆ ಹಬ್ಬ ಮಾಡ್ತೀವಿ.

— ಬರೀ ಸ್ಪ್ರಿಂಗು, ಹಲ್ಲಿನ ಚಕ್ರ ಇಟ್ಕೊಂಡು, ಕೈಯಲ್ಲಿ ಕುಣಿದಾಡ್ತಾ, ಚಳಿ ಸೆಕೆ ತಿಂತಾ ಅಷ್ಟು ಹಿಡಿಯೋದು ಸಣ್ಣ ಕೆಲಸ ಅಲ್ಲ. ಒಂದು ವಾರ ದಿನಾ ಬೆಳಿಗ್ಗೆ ಫೋನಿನ ಟೈಮಿಗೆ ಹೋಲಿಸಿ ಬರೆದಿಡು. ರಾತ್ರಿ ಡಯಲ್ ಮೇಲೆ ಮಾಡಿ ಮಲಗಿಸಿದ್ರೆ ಒಂದು ಲೆಕ್ಕ ಬರುತ್ತೆ, ಕ್ರೌನು ಮೇಲೆ ಮಾಡಿ ನಿಲ್ಲಿಸಿದ್ರೆ ಬೇರೆ ಬರುತ್ತೆ. ಹಗಲು ಮುಂದೆ ಓಡೋದನ್ನ ರಾತ್ರಿ ಹೇಗೆ ಇಟ್ರೆ ಸರಿಹೋಗುತ್ತೆ ಅಂತ ನಿಂಗೇ ಗೊತ್ತಾಗುತ್ತೆ. ದಿನಾ ಒಂದೇ ಸಮ 15 ಸೆಕೆಂಡು ಮುಂದೆ ಹೋಗೋ ವಾಚು ಒಳ್ಳೇ ವಾಚು, ರಿಪೇರಿಯವರು ತಿದ್ದಿ ಕೊಡ್ತಾರೆ. ಇವತ್ತು ಮುಂದೆ, ನಾಳೆ ಹಿಂದೆ ಅಂತ ಆಡೋದಕ್ಕೆ ಒಳಗೆ ಏನೋ ಕಾಯಿಲೆ ಇದೆ.

— ಭಾನುವಾರ ಕಟ್ಟದಿದ್ರೆ ನಿಂತು ಹೋಗುತ್ತಾ?

— ಪೂರ್ತಿ ಕೀ ಇದ್ರೆ 40 ಗಂಟೆ ನಡೆಯುತ್ತೆ. ಶನಿವಾರ ಸಂಜೆ 6ಕ್ಕೆ ಬಿಚ್ಚಿಟ್ಟು ಸೋಮವಾರ ಬೆಳಿಗ್ಗೆ 8ಕ್ಕೆ ಕಟ್ಟಿದ್ರೆ 38. ಹಿಂದಿನ ಮುಚ್ಚಳದ ಒಳಗೆ ಅರ್ಧಚಂದ್ರದ ತೂಕ ಇರುತ್ತೆ, ರೋಟರ್ ಅಂತ. ಕೈ ಆಡಿಸಿದ್ರೆ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತೆ. ಮಿಯೋಟಾದ್ದು ಒಂದೇ ದಿಕ್ಕಿಗೆ ಸುತ್ತೋದು. ಇನ್ನೊಂದು ದಿಕ್ಕಿಗೆ ಸುಮ್ಮನೆ ಗಿರ್ರನೆ ಓಡುತ್ತೆ, ಕೈಗೆ ಆ ನಡುಕ ಗೊತ್ತಾಗುತ್ತೆ. ಕೆಟ್ಟಿದೆ ಅಂತ ಗಾಬರಿಯಾಗಿ ಅಂಗಡಿಗೆ ಓಡಬೇಡ. ನಿಂತಿದ್ರೆ ಅಲ್ಲಾಡಿಸಿ ಶುರುಮಾಡೋದಕ್ಕಿಂತ ಕ್ರೌನು ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ ಕಟ್ಕೋ. ತಾರೀಖು ಬದಲಾಯಿಸುವಾಗ ಮಾತ್ರ ಹುಷಾರು. ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ತಾರೀಖಿನ ಹಲ್ಲು ಚಕ್ರಕ್ಕೆ ಸಿಕ್ಕಿಕೊಂಡಿರುತ್ತೆ, ಆಗ ಬಲವಂತ ಮಾಡಿದ್ರೆ ಹಲ್ಲು ಮುರಿಯುತ್ತೆ. ಮುಳ್ಳುಗಳನ್ನ ಮೊದಲು ಆರೂವರೆಗೆ ಇಳಿಸು, ಹಿಂದಿನ ದಿನದ ತಾರೀಖು ಇಡು, ಆಮೇಲೆ ಮುಳ್ಳನ್ನ ಮುಂದಕ್ಕೆ ತಿರುಗಿಸ್ತಾ ಇವತ್ತಿಗೆ ಬಾ. ಆಗ ಹಗಲು ರಾತ್ರಿ ಅದಲುಬದಲು ಆಗೋ ರಗಳೆಯೂ ಇಲ್ಲ.

— ಸರ್ವಿಸು?

— ನಾಲ್ಕೈದು ವರ್ಷಕ್ಕೊಮ್ಮೆ. ಒಳಗಿನ ಎಣ್ಣೆ ಒಣಗುತ್ತೆ, ಒಣಗಿದ ಮೇಲೂ ವಾಚು ನಡೀತಾನೇ ಇರುತ್ತೆ. ಅದೇ ಮೋಸ. ನಡೀತಿದೆಯಲ್ಲ ಅಂತ ಬಿಟ್ರೆ ಕಡ್ಡಿಗಳು ಸವೀತವೆ. ಸರ್ವಿಸ್ ಅಂದ್ರೆ ಪೂರ್ತಿ ಬಿಚ್ಚಿ, ತೊಳೆದು, ಎಲ್ಲೆಲ್ಲಿ ಎಷ್ಟು ಬೇಕೋ ಅಷ್ಟೇ ಎಣ್ಣೆ ಇಡೋದು. ಮುಚ್ಚಳ ತೆಗೆದು ಮೇಲಿಂದ ಎಣ್ಣೆ ಬಿಡೋರ ಹತ್ರ ಕೊಡಬೇಡ. ವಾಚಿಗೆ ಇಟ್ಟ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲು ಇವತ್ತೇ ಇದಕ್ಕೆ ಎತ್ತಿಡು, ಉಳಿದದ್ದರಲ್ಲಿ ಕೊಂಡುಕೋ.

— ನನ್ನ ಭಯ ಅದೇ ಮಾವ. ಐದು ವರ್ಷದ ಮೇಲೆ ಇದನ್ನ ಬಿಚ್ಚೋರು ಯಾರು? ನಮ್ಮೂರ ಗಾಂಧಿ ಬಜಾರಲ್ಲಿ ವಿಚಾರಿಸಿದೆ. ಸೆಲ್ ಹಾಕೋರು, ಬೆಲ್ಟು ಬದಲಾಯಿಸೋರು ಸಿಕ್ಕಿದ್ರು. ಮಷೀನು ಬಿಚ್ತೀವಿ ಅಂದವರು ವಯಸ್ಸಾದವರು. ಅವರ ಮಕ್ಕಳ್ಯಾರೂ ಈ ಕೆಲಸಕ್ಕೆ ಬಂದಿಲ್ಲ.

— ಹೇಗೆ ಬರ್ತಾರೆ? ಇಡೀ ದಿನ ಕೂತು, ಕಣ್ಣಿಗೆ ಲೆನ್ಸ್ ಸಿಗಿಸಿಕೊಂಡು ನೂರಕ್ಕೂ ಹೆಚ್ಚು ಚೂರು ತೊಳೆದು ಜೋಡಿಸಿದವರಿಗೆ ನಾವು ಚೌಕಾಸಿ ಮಾಡಿ ಕೊಟ್ಟದ್ದೆಷ್ಟು? ಹೋಟೆಲಿನಲ್ಲಿ ಬಿಲ್ಲು ಕೇಳದೆ ಕೊಡೋರು ಅಲ್ಲಿ ಐವತ್ತು ರೂಪಾಯಿಗೆ ಜಗಳ ಆಡ್ತಾರೆ. ಎಚ್.ಎಂ.ಟಿ. ಮುಚ್ಚಿದ್ದು ಸರ್ಕಾರದ ಕಾಗದದಿಂದ ಇರಬಹುದು. ಈ ಅಂಗಡಿಗಳನ್ನ ಮುಚ್ಚಿಸ್ತಿರೋದು ನಾವೇ. ನೀನು ಅವರು ಕೇಳಿದಷ್ಟು ಕೊಡು. ಕೊಂಡುಕೊಳ್ಳೋ ಮುಂಚೆಯೇ ಹೋಗಿ, ಇಂಥ ಮಷೀನು ನೀವು ಬಿಚ್ತೀರಾ, ಬಿಡಿಭಾಗ ಸಿಗುತ್ತಾ ಅಂತ ಕೇಳು. ಹ್ಞೂಂ ಅಂದದ್ದನ್ನೇ ತಗೋ. ಎನ್‌ಎಚ್35, ಮಿಯೋಟಾ ಅಂತ ನಾನು ಹೇಳಿದ್ದು ಇದಕ್ಕೇ. ಲಕ್ಷಗಟ್ಟಲೆ ಮಷೀನು ಇರೋದರಿಂದ ಭಾಗಗಳಿಗೆ ಬರ ಇಲ್ಲ. ರಿಪೇರಿ ಆಗದಿದ್ರೆ ಇಡೀ ಮಷೀನನ್ನೇ ಬದಲಾಯಿಸಬಹುದು.

— ನಾನೇ ಕಲಿತರೆ?

— ಹ್ಞಾಂ?

— ಬಿಚ್ಚೋದು, ಜೋಡಿಸೋದು. ನನ್ನ ಕೆಲಸವೇ ಸಣ್ಣ ಬಿರುಕು ಹುಡುಕೋದು ಮಾವ, ಕಣ್ಣೂ ಕೈಯೂ ಪಳಗಿದಾವೆ. ನಿಮ್ಮ ಹತ್ರ ನಿಂತು ಹೋದ ಜನತಾ ಒಂದು ಇತ್ತಲ್ಲ.

— ಇದೆ. ಬ್ಯಾಲೆನ್ಸಿನ ಕಡ್ಡಿ ಮುರಿದದ್ದು. ಉಳಿದದ್ದೆಲ್ಲ ಸರಿಯಾಗಿದೆ, ಕೀ ಕೂಡ ತಿರುಗುತ್ತೆ. ಕಲಿಯೋಕೆ 0231ಕ್ಕಿಂತ ಒಳ್ಳೇ ಮಷೀನು ಇಲ್ಲ. ತಾರೀಖಿಲ್ಲ, ರೋಟರ್ ಇಲ್ಲ, ಚಕ್ರಗಳು ಬಿಡಿಸಿಟ್ಟ ಹಾಗೆ ಕಾಣ್ತವೆ. ಒಳ್ಳೇ ಚಿಮಟ ಒಂದು, ಸಣ್ಣ ಸ್ಕ್ರೂಡ್ರೈವರು ಮೂರ್ನಾಲ್ಕು, ಕಣ್ಣಿನ ಲೆನ್ಸು, ಅಂಚು ಎತ್ತರ ಇರೋ ತಟ್ಟೆ ತಗೊಂಡು ಬಾ. ಚಿಮಟ ಮ್ಯಾಗ್ನೆಟ್ ಹಿಡಿಯದ್ದು ಆಗಿರಲಿ, ನಿನ್ನ ಟೇಬಲ್ಲಿನದ್ದು ತರಬೇಡ. ಒಂದೊಂದು ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆದಿಟ್ಕೋ.

— ಭಾನುವಾರ ಬರ್ತೀನಿ. ಮೊದಲು ಏನು ಬಿಚ್ಚಬೇಕು?

— ಏನೂ ಬಿಚ್ಚಬಾರದು. ಮೇನ್ ಸ್ಪ್ರಿಂಗಿನಲ್ಲಿ ಕೀ ಉಳಿದಿರುತ್ತೆ, ಮೊದಲು ಅದನ್ನ ಇಳಿಸಬೇಕು. ಕ್ರೌನನ್ನ ಬೆರಳಲ್ಲಿ ಗಟ್ಟಿಯಾಗಿ ಹಿಡ್ಕೊಂಡು ಸ್ವಲ್ಪವೇ ಮುಂದಕ್ಕೆ ತಿರುಗಿಸು, ಸ್ಪ್ರಿಂಗ್ ಬಿಚ್ಚಿಕೊಳ್ಳದ ಹಾಗೆ ತಡೆದಿರೋ ಕ್ಲಿಕ್ಕನ್ನ ಚಿಮಟದ ತುದೀಲಿ ಪಕ್ಕಕ್ಕೆ ಸರಿಸಿ ಹಿಡಿ, ಕ್ರೌನು ಬೆರಳುಗಳ ನಡುವೆ ನಿಧಾನಕ್ಕೆ ಹಿಂದೆ ಜಾರೋಕೆ ಬಿಡು. ಆ ಬಲ ಪೂರ್ತಿ ಇಳಿಯದೆ ಚಕ್ರಗಳನ್ನ ತಡೆದಿರೋ ಪ್ಯಾಲೆಟ್ ಮುಟ್ಟಿದ್ರೆ ಅವೆಲ್ಲ ಒಂದೇ ಏಟಿಗೆ ಸುತ್ತಿ ಸೂಜಿಯಂಥ ತುದಿಗಳು ಮುರೀತವೆ. ಇಳಿಸಿದ ಮೇಲೆ ಸ್ಕ್ರೂಡ್ರೈವರ್ ಕೈಗೆ ತಗೋ.